ಪಾಯಿಂಟ್ ಟೂ ಟೂ: ಪುಟ್ಟ ರೈಫಲ್, ತಲೆಮಾರುಗಳ ನೆನಪು

ಬೆಳಗಿನ ಏಳು ಗಂಟೆ. ಊರಾಚೆಯ ಫೈರಿಂಗ್ ರೇಂಜ್. ಇಬ್ಬನಿ ಆರದ ಹುಲ್ಲಿನ ಮೇಲೆ ಟಾರ್ಪಾಲಿನ್ ಹಾಸಿದೆ. ಖಾಕಿ ತೊಟ್ಟ ಹುಡುಗ ಹುಡುಗಿಯರು ಅದರ ಮೇಲೆ ಸಾಲಾಗಿ ಬೋರಲು ಮಲಗಿದ್ದಾರೆ. ಎದುರಿಗೆ 25 ಗಜ ದೂರದಲ್ಲಿ ಮಣ್ಣಿನ ದಿಬ್ಬ, ಅದರ ಮುಂದೆ ಕಾಗದದ ಟಾರ್ಗೆಟ್. ಹಿಂದೆ ನಿಂತ ಹವಾಲ್ದಾರರ ದನಿ ಕೇಳುತ್ತದೆ: ‘ಭರ್’. ಬೋಲ್ಟ್‌ಗಳು ಒಂದರ ಹಿಂದೊಂದು ಮುಂದಕ್ಕೆ ಸರಿಯುತ್ತವೆ. ಎದೆ ಹೊಡೆದುಕೊಳ್ಳುವ ಸದ್ದು ಪಕ್ಕದವರಿಗೂ ಕೇಳಿಸೀತು ಎಂಬ ಅಳುಕು. ‘ಫೈರ್’. ಎಲ್ಲರೂ ಗುಡುಗಿಗೆ ಕಾದಿದ್ದರೆ, ಕೇಳಿದ್ದು ‘ಚಟ್’ ಎಂಬ ಸಣ್ಣ ಸದ್ದು. ಭುಜಕ್ಕೆ ಏಟೇ ಬೀಳಲಿಲ್ಲ.

ಕರ್ನಾಟಕದ ಹೈಸ್ಕೂಲು, ಕಾಲೇಜುಗಳಲ್ಲಿ ಎನ್‌ಸಿಸಿ ಸೇರಿದ್ದ ಯಾರನ್ನೇ ಕೇಳಿ, ಪರೇಡಿನ ಬಿಸಿಲು ಮರೆತಿದ್ದರೂ ಈ ‘ಚಟ್’ ಸದ್ದನ್ನು ಮರೆತಿರುವುದಿಲ್ಲ. ಅವರು ಹಿಡಿದಿದ್ದು ಪಾಯಿಂಟ್ ಟೂ ಟೂ ರೈಫಲ್. ಇದೇ ಗುಂಡಿನ ರೈಫಲ್ ಅಮೆರಿಕದ ಹಳ್ಳಿಮನೆಯಲ್ಲಿ ಅಜ್ಜನಿಂದ ಮೊಮ್ಮಗಳಿಗೆ ಹೋಗುತ್ತದೆ, ಒಲಿಂಪಿಕ್ಸ್‌ನಲ್ಲಿ ಪದಕ ತರುತ್ತದೆ, ಕೊಡಗಿನಲ್ಲಿ ತೆಂಗಿನಕಾಯಿಗೆ ಗುರಿ ಹಿಡಿಯುತ್ತದೆ. ಬಂದೂಕುಗಳಲ್ಲೇ ತೀರಾ ಸಣ್ಣದಾದ ಇದರ ಸುತ್ತ ಇಷ್ಟೊಂದು ನೆನಪುಗಳು ಕೂಡಿಕೊಂಡಿದ್ದು ಹೇಗೆ?

ಅಂಚಿನಲ್ಲಿ ಅಡಗಿದ ಕಿಡಿ

ಮೊದಲು ಹೆಸರು. ಪಾಯಿಂಟ್ 22 ಎಂದರೆ ನಳಿಗೆಯ ಒಳ ಅಳತೆ ಒಂದು ಇಂಚಿನ ನೂರರಲ್ಲಿ 22 ಭಾಗ, ಸುಮಾರು 5.6 ಮಿಲಿಮೀಟರ್. ಇದರ ತೋಟಾವನ್ನು ರಿಮ್‌ಫೈರ್ ಎನ್ನುತ್ತಾರೆ. ರಿಮ್ ಎಂದರೆ ಅಂಚು.

ಸಾಮಾನ್ಯ ರೈಫಲ್ ತೋಟಾದ ಬುಡದ ನಡುವೆ ಪುಟ್ಟ ಕೇಪು ಇರುತ್ತದೆ. ಕೋವಿಯೊಳಗಿನ ಮೊಳೆ ಅದಕ್ಕೆ ಬಡಿದಾಗ ಕಿಡಿ ಹುಟ್ಟಿ ಮದ್ದು ಹೊತ್ತಿಕೊಳ್ಳುತ್ತದೆ. ರಿಮ್‌ಫೈರ್‌ನಲ್ಲಿ ಬೇರೆ ಕೇಪು ಇಲ್ಲ. ತೆಳುವಾದ ಹಿತ್ತಾಳೆ ಕೋಶದ ಬುಡವನ್ನು ಹೊರಕ್ಕೆ ಮಡಿಚಿ ಸುತ್ತಲೂ ಟೊಳ್ಳು ಅಂಚು ಮಾಡಿರುತ್ತಾರೆ. ಕಿಡಿ ಹುಟ್ಟಿಸುವ ರಾಸಾಯನಿಕವನ್ನು ಕೋಶದೊಳಗೆ ಹಾಕಿ ವೇಗವಾಗಿ ತಿರುಗಿಸಿದಾಗ ಅದು ಆ ಟೊಳ್ಳಿನೊಳಗೆ ಸೇರಿಕೊಳ್ಳುತ್ತದೆ. ಮೊಳೆ ಅಂಚಿನ ಯಾವ ಭಾಗವನ್ನು ಜಜ್ಜಿದರೂ ಗುಂಡು ಹಾರುತ್ತದೆ.

ಈ ಸರಳ ರಚನೆಯಲ್ಲೇ ಇದರ ಗುಣವೂ ಇದೆ, ಮಿತಿಯೂ ಇದೆ. ಮೊಳೆ ಜಜ್ಜಬೇಕಾದರೆ ಅಂಚು ತೆಳುವಾಗಿರಲೇಬೇಕು. ತೆಳುವಾದ ಕೋಶ ಹೆಚ್ಚಿನ ಒತ್ತಡ ತಾಳದು. ಹಾಗಾಗಿ ಇದರೊಳಗಿನ ಒತ್ತಡ ಸೇನೆಯ ರೈಫಲ್ ತೋಟಾಗಳಲ್ಲಿರುವುದರ ಅರ್ಧಕ್ಕಿಂತಲೂ ಕಡಿಮೆ. ಸೀಸದ ಗುಂಡಿನ ತೂಕ ಸಾಮಾನ್ಯವಾಗಿ 2.6 ಗ್ರಾಂ. ಶಕ್ತಿ ಕಡಿಮೆ, ಸದ್ದು ಕಡಿಮೆ, ಭುಜಕ್ಕೆ ಬೀಳುವ ಒದೆತ ಇಲ್ಲವೆನ್ನುವಷ್ಟು ಕಡಿಮೆ. ಒಮ್ಮೆ ಹಾರಿಸಿದ ಕೋಶವನ್ನು ಮತ್ತೆ ತುಂಬಲಾಗದು. ಆದರೆ ತಯಾರಿ ಸುಲಭ, ಬೆಲೆಯೂ ಅಗ್ಗ.

ಕಲಿಯುವವರಿಗೆ ಬೇಕಾದದ್ದು ಇದೇ. ಒದೆತಕ್ಕೆ ಹೆದರಿದ ಕೈ ಟ್ರಿಗರ್ ಎಳೆಯುವ ಮೊದಲೇ ನಡುಗುತ್ತದೆ, ಕಣ್ಣು ಮುಚ್ಚಿಕೊಳ್ಳುತ್ತದೆ. ಪಾಯಿಂಟ್ ಟೂ ಟೂ ಆ ಹೆದರಿಕೆಯನ್ನು ತೆಗೆದುಹಾಕುತ್ತದೆ. ಉಳಿಯುವುದು ಉಸಿರು, ನೋಟ ಮತ್ತು ಬೆರಳು.

ಪ್ಯಾರಿಸ್ಸಿನ ಹಜಾರದಿಂದ ಹೊರಟದ್ದು

1845ರಲ್ಲಿ ಪ್ಯಾರಿಸ್ಸಿನ ಕೋವಿ ತಯಾರಕ ಲೂಯಿ ನಿಕೊಲಾ ಫ್ಲೋಬೇರ್ ಕೇಪಿನ ಬಾಯಿಗೆ ಸಣ್ಣ ಸೀಸದ ಗುಂಡನ್ನು ಕೂರಿಸಿದ. ಬೇರೆ ಮದ್ದು ಬೇಕಿರಲಿಲ್ಲ, ಕೇಪಿನ ಶಕ್ತಿಯೇ ಗುಂಡನ್ನು ತಳ್ಳುತ್ತಿತ್ತು. ಉಳ್ಳವರು ಮನೆಯ ಹಜಾರದಲ್ಲೇ ಗುರಿ ಇಡುವ ಆಟಕ್ಕೆ ಇದನ್ನು ಬಳಸಿದರು.

ಅಮೆರಿಕದ ಹೊರೇಸ್ ಸ್ಮಿತ್ ಮತ್ತು ಡೇನಿಯಲ್ ವೆಸ್ಸನ್ ಈ ವಿಚಾರವನ್ನು ಮುಂದಕ್ಕೆ ಒಯ್ದರು. ಕೋಶ ಉದ್ದವಾಯಿತು, ಒಳಗೆ ಮದ್ದು ಸೇರಿತು. 1857ರಲ್ಲಿ ತಮ್ಮ ಮೊದಲ ರಿವಾಲ್ವರ್ ಜೊತೆ ಅವರು ತಂದ ತೋಟಾವೇ ಇಂದಿನ ಪಾಯಿಂಟ್ 22 ಶಾರ್ಟ್. 1887ರಲ್ಲಿ ಮ್ಯಾಸಚೂಸೆಟ್ಸ್‌ನ ಸ್ಟೀವನ್ಸ್ ಕಂಪನಿ ಪಾಯಿಂಟ್ 22 ಲಾಂಗ್ ರೈಫಲ್ ತೋಟಾವನ್ನು ರೂಪಿಸಿತು. ಇವತ್ತು ಲೋಕದಾದ್ಯಂತ ಅತಿ ಹೆಚ್ಚು ಬಳಕೆಯಲ್ಲಿರುವ ತೋಟಾ ಇದು.

ಕಪ್ಪು ಮದ್ದು ಹೋಗಿ ಹೊಗೆರಹಿತ ಮದ್ದು ಬಂದಿದೆ, ನಳಿಗೆಗೆ ತುಕ್ಕು ಹಿಡಿಸುತ್ತಿದ್ದ ಹಳೆಯ ಕಿಡಿಮದ್ದು ಬದಲಾಗಿದೆ. ಆದರೆ ತೋಟಾದ ಅಳತೆ ಅಂದಿನಿಂದ ಹಾಗೆಯೇ ಉಳಿದಿದೆ. ಮುತ್ತಜ್ಜ ಕೊಂಡ ರೈಫಲ್ಲಿಗೆ ಇಂದಿನ ಅಂಗಡಿಯ ಗುಂಡು ಹೊಂದುತ್ತದೆ. ಮೆದುವಾದ ಸೀಸ ನಳಿಗೆಯನ್ನು ಬೇಗ ಸವೆಸುವುದಿಲ್ಲ. ಎಣ್ಣೆ ಕಾಣಿಸಿ ಜೋಪಾನ ಮಾಡಿದ ರೈಫಲ್ ಮೂರು ನಾಲ್ಕು ತಲೆಮಾರಿನವರೆಗೆ ಕೆಲಸ ಮಾಡುತ್ತದೆ. ನೆನಪು ಉಳಿಯಲು ವಸ್ತುವೂ ಉಳಿಯಬೇಕಲ್ಲ. ಪಾಯಿಂಟ್ ಟೂ ಟೂ ವಿಷಯದಲ್ಲಿ ಎರಡೂ ಆಗಿವೆ.

ಹೆಸರು ಹಿಡಿದು ನೆನೆಯುವ ರೈಫಲ್‌ಗಳು

ಅಮೆರಿಕದಲ್ಲಿ ಇಂಥ ರೈಫಲ್‌ಗಳನ್ನು ಮನೆಮಂದಿಯ ಹಾಗೆ ಮಾದರಿಯ ಹೆಸರಿನಿಂದಲೇ ನೆನೆಯುತ್ತಾರೆ. ಅವುಗಳಲ್ಲಿ ಹಳಬ ವಿಂಚೆಸ್ಟರ್ 1890. ಜಾನ್ ಬ್ರೌನಿಂಗ್ ಮತ್ತು ಅವರ ಸಹೋದರನ ವಿನ್ಯಾಸ. ನಳಿಗೆಯ ಕೆಳಗಿನ ಹಿಡಿಯನ್ನು ಹಿಂದೆ ಮುಂದೆ ಜಗ್ಗಿದರೆ ಮುಂದಿನ ತೋಟಾ ಒಳಸೇರುತ್ತದೆ. ನಮ್ಮ ಜಾತ್ರೆಗಳಲ್ಲಿ ಏರ್ ಗನ್‌ನಿಂದ ಬಲೂನು ಒಡೆಯುವ ಅಂಗಡಿ ಇರುತ್ತದಲ್ಲ, ಅಮೆರಿಕದ ಜಾತ್ರೆಗಳ ಅಂಥ ಅಂಗಡಿಗಳಲ್ಲಿ ಬಹುಕಾಲ ಇದ್ದದ್ದು ಈ ನಿಜವಾದ ರೈಫಲ್.

ಮಾರ್ಲಿನ್ ಕಂಪನಿಯ 1891ರ ಲಿವರ್ ರೈಫಲ್ ಇನ್ನೊಂದು. ಬಫಲೊ ಬಿಲ್ಲನ ಪ್ರದರ್ಶನ ತಂಡದಲ್ಲಿ ಲೋಕಪ್ರಸಿದ್ಧಳಾದ ಆ್ಯನಿ ಓಕ್ಲಿ ಮಾರ್ಲಿನ್‌ಗಳನ್ನು ಬಳಸುತ್ತಿದ್ದಳು. 1860ರಲ್ಲಿ ಓಹಾಯೊದ ಬಡ ಕುಟುಂಬದಲ್ಲಿ ಹುಟ್ಟಿ, ಬಾಲ್ಯದಲ್ಲೇ ಬೇಟೆಯಾಡಿ ಮನೆ ನಡೆಸಿದವಳು. ಮುಂದೆ ಹೆಂಗಸರಿಗೆ ಗುರಿ ಕಲಿಸುವುದನ್ನು ತನ್ನ ಕರ್ತವ್ಯವೆಂದೇ ನಂಬಿ ಸಾವಿರಾರು ಮಂದಿಗೆ ಕಲಿಸಿದಳು. ಆ ಮಾರ್ಲಿನ್‌ನ ವಂಶದ 39ಎ ಮಾದರಿ ಇಂದಿಗೂ ಅನೇಕ ಮನೆಗಳಲ್ಲಿ ಅಜ್ಜನ ರೈಫಲ್.

ಈ ರೈಫಲ್‌ಗಳಿಂದ ನಡೆದ ಸಾಹಸಗಳೂ ಇವೆ. 1907ರಲ್ಲಿ ಟೆಕ್ಸಾಸ್‌ನ ಸ್ಯಾನ್ ಆ್ಯಂಟೋನಿಯೊದಲ್ಲಿ ಆ್ಯಡಾಲ್ಫ್ ಟಾಪರ್‌ವೈನ್ ಗಾಳಿಗೆ ಎಸೆದ 72,500 ಮರದ ತುಂಡುಗಳಿಗೆ ಗುರಿಯಿಟ್ಟರು, ತಪ್ಪಿದ್ದು ಬರೀ 9. ಆ ದಾಖಲೆ ಅರ್ಧ ಶತಮಾನ ನಿಂತಿತು. 1959ರಲ್ಲಿ ರೆಮಿಂಗ್ಟನ್ ಕಂಪನಿಯ ಟಾಮ್ ಫ್ರೈ 1,00,010 ತುಂಡುಗಳಲ್ಲಿ 6ನ್ನು ಮಾತ್ರ ತಪ್ಪಿದರು. ಅವರು ಹಿಡಿದಿದ್ದು ಆಗಷ್ಟೇ ಬಂದಿದ್ದ ನೈಲಾನ್ 66. ಮರದ ಹಿಡಿಯ ಬದಲು ನೈಲಾನ್ ಹಿಡಿ ಇದ್ದ ಆ ರೈಫಲ್ಲನ್ನು ಜನ ಮೊದಲು ಅನುಮಾನದಿಂದಲೇ ನೋಡಿದ್ದರು.

1960ರ ಮಾರ್ಲಿನ್ ಮಾಡೆಲ್ 60 ಒಂದು ಕೋಟಿಗೂ ಮೀರಿ ತಯಾರಾಯಿತು. 1964ರ ರೂಗರ್ 10/22ರಲ್ಲಿ ಹತ್ತು ತೋಟಾ ಹಿಡಿಯುವ ಸುತ್ತು ಮ್ಯಾಗಜೀನ್ ಹೊರಕ್ಕೆ ಚಾಚದೆ ಒಳಗೇ ಕೂರುತ್ತದೆ. ಬಿಡಿಭಾಗ ಬದಲಿಸುವುದು ಸುಲಭವಾದ್ದರಿಂದ ಅಪ್ಪ ಮಕ್ಕಳು ಜೊತೆಗೂಡಿ ಬಿಚ್ಚಿ ಜೋಡಿಸುವ ರೈಫಲ್ ಎಂದು ಹೆಸರಾಯಿತು.

ಈ ಎಲ್ಲ ಮಾದರಿಗಳ ಹಿಂದಿನ ಕಥೆಗಳಲ್ಲಿ ಒಂದು ಸಾಮ್ಯವಿದೆ. ತಗಡಿನ ಡಬ್ಬಿಯನ್ನು ಬೇಲಿಯ ಕಂಬದ ಮೇಲಿಟ್ಟು ಹೊಡೆದದ್ದು, ಮೊದಲ ಅಳಿಲಿನ ಬೇಟೆ, ಹುಟ್ಟುಹಬ್ಬದ ದಿನ ಕೈಗೆ ಬಂದ ಉದ್ದನೆಯ ಪೆಟ್ಟಿಗೆ. ಹೇಳುವವರು ರೈಫಲ್‌ನಿಂದ ಮಾತು ಶುರುಮಾಡಿದರೂ ಕೊನೆಗೆ ಬಂದು ನಿಲ್ಲುವುದು ಪಕ್ಕದಲ್ಲಿ ಮಂಡಿಯೂರಿ ಕೂತು ಕಲಿಸಿದ ಅಪ್ಪ, ಅಜ್ಜಿ ಅಥವಾ ಸೋದರಮಾವನ ಬಳಿ.

ಬ್ರಿಟನ್ನಿನ ಕ್ಲಬ್ಬುಗಳಿಂದ ನಮ್ಮ ಕೆಡೆಟ್‌ಗಳವರೆಗೆ

ಪಾಯಿಂಟ್ ಟೂ ಟೂ ನಮ್ಮಲ್ಲಿಗೆ ಬಂದ ದಾರಿ ಬೇರೆ. ದಕ್ಷಿಣ ಆಫ್ರಿಕಾದ ಬೋಯರ್ ರೈತರ ಗುರಿಗಾರಿಕೆಗೆ ಬ್ರಿಟಿಷ್ ಸೈನಿಕರು ತತ್ತರಿಸಿದ ಮೇಲೆ, ಜನಸಾಮಾನ್ಯರಿಗೂ ಗುರಿ ಕಲಿಸಬೇಕೆಂಬ ಚಳವಳಿ ಬ್ರಿಟನ್ನಿನಲ್ಲಿ ಎದ್ದಿತು. 1901ರಲ್ಲಿ ದುಡಿಯುವ ವರ್ಗದವರ ರೈಫಲ್ ಕ್ಲಬ್ಬುಗಳ ಸಂಘ ಹುಟ್ಟಿತು. ಫೀಲ್ಡ್ ಮಾರ್ಷಲ್ ಲಾರ್ಡ್ ರಾಬರ್ಟ್ಸ್ ಅದರ ಬೆನ್ನಿಗೆ ನಿಂತರು. ಕಡಿಮೆ ಜಾಗ, ಕಡಿಮೆ ಖರ್ಚು ಸಾಕಾಗುವ ಪಾಯಿಂಟ್ 22 ಆ ಕ್ಲಬ್ಬುಗಳ ಆಯುಧವಾಯಿತು. ಬರ್ಮಿಂಗ್‌ಹ್ಯಾಮಿನ ಬಿಎಸ್‌ಎ ಕಾರ್ಖಾನೆ ಅದಕ್ಕೆ ಹೆಸರುವಾಸಿ.

ಸೇನೆಯೂ ತನ್ನ ಲೀ ಎನ್‌ಫೀಲ್ಡ್ ರೈಫಲ್‌ಗಳಿಗೆ ಸಣ್ಣ ನಳಿಗೆ ಕೂರಿಸಿ ತರಬೇತಿಗೆ ಬಳಸಿತು. ತೂಕ, ಹಿಡಿ, ಬೋಲ್ಟ್ ಎಲ್ಲವೂ ದೊಡ್ಡ ರೈಫಲ್‌ನದ್ದೇ, ಗುಂಡು ಮಾತ್ರ ಸಣ್ಣದು. 1948ರಲ್ಲಿ ಎನ್‌ಸಿಸಿ ಆರಂಭವಾದಾಗ ಈ ಪರಂಪರೆ ನಮ್ಮ ಶಾಲೆ, ಕಾಲೇಜುಗಳಿಗೆ ಇಳಿಯಿತು. ಡೀಲಕ್ಸ್, ಬಿಎಸ್‌ಎ, ನಂಬರ್ 2 ಮಾರ್ಕ್ 4 ಎಂಬ ಹೆಸರುಗಳನ್ನು ‘ಬಿ’ ಸರ್ಟಿಫಿಕೇಟ್ ಪರೀಕ್ಷೆಗೆ ಬಾಯಿಪಾಠ ಮಾಡಿದವರು ಈ ಪುಟ ಓದುತ್ತಿರುವವರಲ್ಲೂ ಇರುತ್ತಾರೆ.

ಅವರ ನೆನಪಿನಲ್ಲಿ ಗುಂಡಿಗಿಂತ ಮೊದಲು ಬರುವುದು ಚಿಂದಿ ಬಟ್ಟೆ ಮತ್ತು ನಳಿಗೆ ಒರೆಸುವ ಪುಲ್ ಥ್ರೂ ಹಗ್ಗ. ಫೈರಿಂಗ್‌ಗೆ ಮುನ್ನ ವಾರಗಟ್ಟಲೆ ರೈಫಲ್ ಬಿಚ್ಚುವುದು, ಒರೆಸುವುದು, ಎಣ್ಣೆ ಹಾಕುವುದು, ಜೋಡಿಸುವುದು. ಖಾಲಿ ರೈಫಲ್ ಹಿಡಿದು ಗುರಿ ಹಿಡಿಯುವ ಅಭ್ಯಾಸ. ಆಮೇಲೆ ಒಂದು ಬೆಳಿಗ್ಗೆ ಲಾರಿ ಹತ್ತಿ ರೇಂಜಿಗೆ ಹೋಗಿ, ಸರದಿ ಬಂದಾಗ ಅಂಗೈಗೆ ಬೀಳುವ ಬೆರಳೆಣಿಕೆಯ ತೋಟಾಗಳು. ಅವುಗಳ ಸೀಸದ ಮೇಲಿನ ಮೇಣ ಬೆರಳಿಗೆ ಅಂಟುತ್ತಿತ್ತು.

ಅಲ್ಲಿ ಕೇಳಿಬರುತ್ತಿದ್ದ ಮಾತು ಗ್ರೂಪಿಂಗ್. ಹೊಡೆದ ಗುಂಡುಗಳು ನಡುವಿಗೇ ಬೀಳಬೇಕೆಂದಿಲ್ಲ, ಒಂದರ ಪಕ್ಕ ಒಂದು ಬೀಳಬೇಕು. ಹತ್ತಿರ ಬಿದ್ದಿದ್ದರೆ ಕೈ ಸ್ಥಿರವಾಗಿದೆ, ಗುರಿಯನ್ನು ಆಮೇಲೆ ತಿದ್ದಬಹುದು. ಚದುರಿ ಬಿದ್ದಿದ್ದರೆ ತಿದ್ದಬೇಕಾದದ್ದು ಉಸಿರನ್ನು. ಊರಿನ ಬಡ ಶಾಲೆಯ ಹುಡುಗಿಯೊಬ್ಬಳು ಬೆಸ್ಟ್ ಫೈರರ್ ಅನ್ನಿಸಿಕೊಂಡು ತೂತು ಬಿದ್ದ ಟಾರ್ಗೆಟ್ ಕಾಗದವನ್ನು ಮಡಿಚಿ ಮನೆಗೆ ಒಯ್ಯುವ ಸಂತೋಷ ಸಣ್ಣದಲ್ಲ. ಹಣ, ಜಾತಿ, ಅಂಕಪಟ್ಟಿ ಯಾವುದನ್ನೂ ಕೇಳದ ಅಳತೆಯೊಂದರಲ್ಲಿ ಅವಳು ಗೆದ್ದಿರುತ್ತಾಳೆ.

ಕೊಡಗಿನ ತೋಕ್, ತೆಂಗಿನಕಾಯಿಯ ಗುರಿ

ಕರ್ನಾಟಕದಲ್ಲಿ ಕೋವಿ ಮತ್ತು ನೆನಪಿನ ನಂಟು ಗಾಢವಾಗಿರುವುದು ಕೊಡಗಿನಲ್ಲಿ. ಕೊಡವರ ಮಾತಿನಲ್ಲಿ ಕೋವಿಗೆ ತೋಕ್ ಎನ್ನುತ್ತಾರೆ. ನಾಟಿ ಮುಗಿದ ಮೇಲೆ ಬರುವ ಕೈಲ್ ಪೊಳ್ದ್ ಹಬ್ಬದಲ್ಲಿ ಮನೆಯ ಆಯುಧಗಳನ್ನು ತೊಳೆದು ಪೂಜೆಗಿಡುತ್ತಾರೆ. ಕೋವಿಯ ಬಾಯಿಗೆ ತೋಕ್ ಪೂ ಎಂಬ ಹೂವನ್ನು ಸಿಗಿಸುತ್ತಾರೆ. ಅಲ್ಲಿ ಕೋವಿ ಕುಟುಂಬದ ಹುಟ್ಟು ಸಾವುಗಳೆರಡಕ್ಕೂ ಸಾಕ್ಷಿ.

ಪೂಜೆಯ ಹಳೆಯ ಕೋವಿಗಳು ಹೆಚ್ಚಾಗಿ ಬೇರೆ ಬಗೆಯವು. ಪಾಯಿಂಟ್ 22ರ ಜಾಗ ಹಬ್ಬದ ಮೈದಾನದಲ್ಲಿದೆ. ಎತ್ತರದ ಮರಕ್ಕೋ ಕಂಬಕ್ಕೋ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳಲ್ಲಿ ಪಾಯಿಂಟ್ 22, 12 ಬೋರ್, ಏರ್ ಗನ್ ಎಂಬ ವಿಭಾಗಗಳಿರುತ್ತವೆ. ಗಂಡಸರು, ಹೆಂಗಸರು, ಹಿರಿಯರು, ಹೊಸಬರು ಎಲ್ಲ ಸಾಲು ನಿಲ್ಲುತ್ತಾರೆ. ಕಾಯಿ ಒಡೆದಾಗ ಮೈದಾನವಿಡೀ ಕೂಗುತ್ತದೆ.

ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಇರುವ ವಿನಾಯಿತಿ ಬ್ರಿಟಿಷರ ಕಾಲದ್ದು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು ಹತ್ತು ವರ್ಷಗಳಿಗೆ, 2029ರವರೆಗೆ ಮುಂದುವರಿಸಿದೆ.

50 ಮೀಟರ್ ದೂರದ ಚುಕ್ಕೆ

ಕ್ರೀಡೆಯಲ್ಲಿ ಇದೇ ಸಣ್ಣ ಗುಂಡು ಅಚ್ಚರಿಯ ನಿಖರತೆ ಮುಟ್ಟಿದೆ. ಒಲಿಂಪಿಕ್ಸ್‌ನ 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಹತ್ತು ಅಂಕದ ವೃತ್ತದ ಅಗಲ 10.4 ಮಿಲಿಮೀಟರ್. ಬರಿಗಣ್ಣಿಗೆ ಅದು ಕಾಣುವುದೇ ಇಲ್ಲ. ಮಂಡಿಯೂರಿ, ಮಲಗಿ, ನಿಂತು ಹೀಗೆ ಮೂರು ಭಂಗಿಗಳಲ್ಲಿ ಅದನ್ನು ಹುಡುಕಬೇಕು.

ಇಲ್ಲಿ ವೇಗ ಹೆಚ್ಚಿದ್ದಷ್ಟೂ ಒಳ್ಳೆಯದಲ್ಲ. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಅದನ್ನು ಮೀರಿ ಹೊರಟ ಗುಂಡು ದಾರಿಯಲ್ಲಿ ನಿಧಾನವಾಗಿ ಆ ಗಡಿಯನ್ನು ದಾಟುವಾಗ ಗಾಳಿಯ ಅಲುಗಾಟಕ್ಕೆ ಸಿಕ್ಕಿ ಓಲಾಡುತ್ತದೆ. ಹಾಗಾಗಿ ಸ್ಪರ್ಧೆಯ ಗುಂಡುಗಳನ್ನು ಶಬ್ದದ ವೇಗಕ್ಕಿಂತ ತುಸು ಕೆಳಗೇ ಹೊರಡುವಂತೆ ಮಾಡುತ್ತಾರೆ. ಒಂದೇ ಕಂಪನಿಯ ಎರಡು ಬ್ಯಾಚುಗಳು ಒಂದೇ ನಳಿಗೆಯಲ್ಲಿ ಬೇರೆ ಬೇರೆ ಫಲ ಕೊಡುತ್ತವೆ. ದೊಡ್ಡ ಶೂಟರ್‌ಗಳು ರೈಫಲ್ಲನ್ನು ಸ್ಟ್ಯಾಂಡಿಗೆ ಬಿಗಿದು, ಹಲವು ಬ್ಯಾಚು ಹಾರಿಸಿ ನೋಡಿ, ಹೊಂದುವ ಬ್ಯಾಚನ್ನೇ ಕೊಳ್ಳುತ್ತಾರೆ. ಜರ್ಮನಿಯ ಆನ್‌ಶುಟ್ಸ್, ವಾಲ್ಟರ್ ರೈಫಲ್‌ಗಳೂ ಇಂಗ್ಲೆಂಡಿನ ಈಲಿ ತೋಟಾಗಳೂ ಈ ಲೋಕದ ದೊಡ್ಡ ಹೆಸರುಗಳು.

ಭಾರತದ ಪಾಲೂ ಇದೆ. 2010ರಲ್ಲಿ ಮ್ಯೂನಿಕ್‌ನಲ್ಲಿ ಕೊಲ್ಹಾಪುರದ ತೇಜಸ್ವಿನಿ ಸಾವಂತ್ 50 ಮೀಟರ್ ಪ್ರೋನ್ (ಮಲಗಿ ಹೊಡೆಯುವ) ವಿಭಾಗದ ವಿಶ್ವ ಚಾಂಪಿಯನ್ ಆದರು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಜಯದೀಪ್ ಕರ್ಮಾಕರ್ ನಾಲ್ಕನೆಯವರಾಗಿ ಪದಕದ ಹೊಸ್ತಿಲಲ್ಲಿ ನಿಂತರು. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಸಿಫ್ಟ್ ಕೌರ್ ಸಮ್ರಾ ವಿಶ್ವದಾಖಲೆಯೊಡನೆ ಚಿನ್ನ ಗೆದ್ದರು. 2024ರ ಆಗಸ್ಟ್ 1ರಂದು ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ 451.4 ಅಂಕ ಗಳಿಸಿ ಕಂಚು ತಂದರು. 50 ಮೀಟರ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಅದು ಭಾರತದ ಮೊದಲ ಒಲಿಂಪಿಕ್ ಪದಕ. ಕುಸಾಳೆ ಕೂಡ ಕೊಲ್ಹಾಪುರ ಜಿಲ್ಲೆಯವರು, ರೈಲ್ವೆಯಲ್ಲಿ ಟಿಕೆಟ್ ಕಲೆಕ್ಟರ್ ಆಗಿದ್ದವರು. ನಮ್ಮ ಬೆಳಗಾವಿಗೆ ಅಂಟಿಕೊಂಡ ಜಿಲ್ಲೆಯಿಂದ ಇಬ್ಬರು ಈ ಎತ್ತರಕ್ಕೆ ಏರಿದ್ದಾರೆ.

ಸಣ್ಣದೆಂಬ ಭ್ರಮೆ ಬೇಡ

ಪಾಯಿಂಟ್ ಟೂ ಟೂ ಬಗ್ಗೆ ಅತಿ ಅಪಾಯದ ಮಾತೆಂದರೆ ‘ಅದೇನು ಮಹಾ, ಆಟದ ಕೋವಿ’ ಎನ್ನುವುದು. ಮೇಲ್ಮುಖವಾಗಿ ಹಾರಿಸಿದ ಈ ಗುಂಡು ಒಂದೂವರೆ ಕಿಲೋಮೀಟರ್ ಆಚೆಗೂ ಹೋಗಬಲ್ಲದು. ಕಲ್ಲಿಗೋ ನೀರಿಗೋ ತಾಗಿದರೆ ಎತ್ತೆಂದರತ್ತ ಚಿಮ್ಮುತ್ತದೆ. 1968ರಲ್ಲಿ ಅಮೆರಿಕದ ಸೆನೆಟರ್ ರಾಬರ್ಟ್ ಕೆನಡಿಯ ಪ್ರಾಣ ತೆಗೆದದ್ದು, 1981ರಲ್ಲಿ ಅಧ್ಯಕ್ಷ ರೇಗನ್ ಅವರನ್ನು ಸಾವಿನಂಚಿಗೆ ಒಯ್ದದ್ದು ಪಾಯಿಂಟ್ 22 ರಿವಾಲ್ವರ್‌ಗಳು.

ಅದಕ್ಕೇ ಕಲಿಸುವವರು ನಾಲ್ಕು ಮಾತು ಮತ್ತೆ ಮತ್ತೆ ಹೇಳುತ್ತಾರೆ. ಪ್ರತಿ ಕೋವಿಯೂ ತುಂಬಿದೆ ಎಂದೇ ತಿಳಿ. ಹೊಡೆಯಬಾರದ್ದರ ಕಡೆಗೆ ನಳಿಗೆ ತಿರುಗಿಸಬೇಡ. ಗುರಿ ಕೂಡುವವರೆಗೆ ಟ್ರಿಗರ್ ಮೇಲೆ ಬೆರಳಿಡಬೇಡ. ಗುರಿಯ ಹಿಂದೆ ಏನಿದೆ ನೋಡಿಕೋ. ಜೊತೆಗೆ, ಸೀಸ ವಿಷವಾದ್ದರಿಂದ ರೇಂಜಿನಿಂದ ಬಂದ ಮೇಲೆ ಕೈ ತೊಳೆಯದೆ ಊಟಕ್ಕೆ ಕೂರಬಾರದು. ಒಳ್ಳೆಯ ನೆನಪುಗಳೆಲ್ಲ ಈ ಶಿಸ್ತಿನ ಮೇಲೆ ನಿಂತಿವೆ. ಶಿಸ್ತು ತಪ್ಪಿದ ಮನೆಗಳಲ್ಲಿ ಉಳಿದಿರುವುದು ದುಃಖ.

ಕಾನೂನು ಏನು ಹೇಳುತ್ತದೆ?

ನಮ್ಮ 1959ರ ಆಯುಧ ಕಾಯ್ದೆ ಪಾಯಿಂಟ್ 22 ರೈಫಲ್ಲನ್ನು ಹೆಸರಿಸಿಯೇ ಗುರುತಿಸಿದೆ. ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯರಿಗೆ ಗುರಿ ಅಭ್ಯಾಸಕ್ಕಾಗಿ ಇದರ ಪರವಾನಗಿ ಕೊಡಲು ಅವಕಾಶ ಮಾಡಿದೆ. 2019ರ ತಿದ್ದುಪಡಿ ಸಾಮಾನ್ಯವಾಗಿ ಒಬ್ಬರು ಎರಡಕ್ಕಿಂತ ಹೆಚ್ಚು ಕೋವಿ ಹೊಂದಬಾರದೆಂದು ಬಿಗಿ ಮಾಡಿತು, ಪರವಾನಗಿಯ ಅವಧಿಯನ್ನು ಮೂರರಿಂದ ಐದು ವರ್ಷಕ್ಕೆ ಏರಿಸಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಈಗ ಬೇಟೆಯ ಮಾತೇ ಇಲ್ಲ. ನಮ್ಮಲ್ಲಿ ಈ ರೈಫಲ್‌ಗೆ ಉಳಿದಿರುವ ಗೌರವದ ಜಾಗ ರೇಂಜ್ ಮತ್ತು ಸ್ಪರ್ಧೆಯ ಮೈದಾನ ಮಾತ್ರ. ಅದು ಸರಿಯಾದದ್ದೂ ಹೌದು.

ಮಲೆನಾಡಿನ ಹಲವು ಮನೆಗಳಲ್ಲಿ ಹಿರಿಯರ ಕಾಲದ ಕೋವಿ, ರೈಫಲ್‌ಗಳು ಇನ್ನೂ ಇವೆ. ಚುನಾವಣೆ ಬಂದಾಗಲೆಲ್ಲ ಅವುಗಳನ್ನು ಠಾಣೆಯಲ್ಲಿ ಠೇವಣಿ ಇಟ್ಟು ಮರಳಿ ತರುವುದು ಅಲ್ಲಿನವರಿಗೆ ರೂಢಿ. ಆದರೆ ಪರವಾನಗಿ ಪಡೆದ ಹಿರಿಯರು ತೀರಿಕೊಂಡಾಗ ಏನು ಮಾಡಬೇಕೆಂಬುದು ಅನೇಕರಿಗೆ ತಿಳಿದಿರುವುದಿಲ್ಲ. ಪರವಾನಗಿ ಅವರೊಂದಿಗೇ ಮುಗಿಯುತ್ತದೆ. ರೈಫಲ್ಲನ್ನು ತಡಮಾಡದೆ ಹತ್ತಿರದ ಠಾಣೆಯಲ್ಲೋ ಪರವಾನಗಿ ಪಡೆದ ಕೋವಿ ಅಂಗಡಿಯಲ್ಲೋ ಠೇವಣಿ ಇಡಬೇಕು. ವಾರಸುದಾರರು ತಮ್ಮ ಹೆಸರಿಗೆ ಪರವಾನಗಿ ಕೋರಿ ಅರ್ಜಿ ಹಾಕಬೇಕು. ನೆನಪಿನ ವಸ್ತು ಎಂಬ ಕಾರಣಕ್ಕೆ ಅಟ್ಟದ ಮೇಲೆ ಇಟ್ಟುಕೊಂಡರೆ ಅದು ಅಪರಾಧ.

ನೆನಪನ್ನು ಉಳಿಸಿಕೊಳ್ಳಲು

ಪಾಯಿಂಟ್ ಟೂ ಟೂ ಇಷ್ಟು ಜನರ ಮನಸ್ಸಿನಲ್ಲಿ ಉಳಿದದ್ದು ಅದರ ಬಲದಿಂದಲ್ಲ. ಒಬ್ಬರು ಇನ್ನೊಬ್ಬರ ಪಕ್ಕ ಕೂತು, ಕೂಗಾಡದೆ, ಅವಸರ ಮಾಡದೆ ಕಲಿಸಿದ ಆಯುಧ ಅದು. ‘ಉಸಿರು ಹಿಡಿ, ಅವಸರ ಬೇಡ’ ಎಂದು ಆ ವಯಸ್ಸಿನಲ್ಲಿ ಕೇಳಿದ ಮಾತು ಮುಂದೆ ಬದುಕಿನ ಬೇರೆ ಕಡೆಗಳಲ್ಲೂ ಕೈ ಹಿಡಿಯುತ್ತದೆ.

ಹಾಗಾಗಿ ಎರಡು ಕೋರಿಕೆ. ಎನ್‌ಸಿಸಿ ಇರುವ ಶಾಲೆ, ಕಾಲೇಜುಗಳು ಫೈರಿಂಗ್ ದಿನವನ್ನು ಹಾಜರಿ ತುಂಬಿಸುವ ಕಾರ್ಯಕ್ರಮವಾಗಿಸದೆ, ಪ್ರತಿ ಕೆಡೆಟ್‌ಗೂ ಸಾವಧಾನದ ತರಬೇತಿ ಸಿಗುವಂತೆ ನೋಡಿಕೊಳ್ಳಲಿ. ಕೈ ಸ್ಥಿರವಿರುವ ಮಕ್ಕಳನ್ನು ಗುರುತಿಸಿ ರೈಫಲ್ ಕ್ಲಬ್ಬಿನ ದಾರಿ ತೋರಿಸಲಿ.

ಇನ್ನೊಂದು ನಿಮಗೆ. ಮನೆಯಲ್ಲಿ ಹಿರಿಯರ ರೈಫಲ್ ಇದ್ದರೆ ಇವತ್ತೇ ಪರವಾನಗಿಯ ಅವಧಿ ನೋಡಿ, ತೋಟಾ ಬೇರೆ ರೈಫಲ್ ಬೇರೆ ಇಟ್ಟು ಎರಡಕ್ಕೂ ಬೀಗ ಹಾಕಿ. ಆಮೇಲೆ ಅದನ್ನು ಬಳಸಿದವರನ್ನು ಕೂರಿಸಿಕೊಂಡು ಯಾರು ಕೊಂಡದ್ದು, ಯಾರು ಕಲಿಸಿದ್ದು ಎಂದು ಕೇಳಿ ಬರೆದಿಟ್ಟುಕೊಳ್ಳಿ. ರೈಫಲ್ ನೂರು ವರ್ಷ ಬಾಳುತ್ತದೆ, ಆ ಕಥೆ ಬಲ್ಲವರು ಅಷ್ಟು ಕಾಲ ಇರುವುದಿಲ್ಲ.